ಹಿಂದಿನ ಆಸನದ ಅಧಿಕಾರ

ಮೋಟಾರು ಗಾಡಿಗೆ ಶೈತ್ಯಯಂತ್ರವು ಬಂದ ಆದಿಕಾಲದಲ್ಲಿ ತಂಪು ಹೊರಡುತ್ತಿದ್ದುದು ಹಿಂದಿನ ಆಸನದ ಕಡೆಯಿಂದ ಎಂಬುದು ಇಂದು ವಿಚಿತ್ರವಾಗಿ ತೋರೀತು. 1940ರ ಪ್ಯಾಕಾರ್ಡ್ ಕಾರಿನಲ್ಲಿ ಗಾಳಿಯನ್ನು ತಣಿಸುವ ಭಾಗವನ್ನು ಡಿಕ್ಕಿಯಲ್ಲಿರಿಸಿ, ಹಿಂದೆ ಕುಳಿತವರ ಬೆನ್ನಿನ ಕಡೆಯಿಂದ ತಂಪುಗಾಳಿಯನ್ನು ಹರಿಯಿಸಿದ್ದರು. ಆದರೆ ಯಂತ್ರವನ್ನು ಪೂರ್ತಿಯಾಗಿ ನಿಲ್ಲಿಸಬೇಕಾದರೆ ಎಂಜಿನನ್ನು ಆರಿಸಿ, ಬಾನೆಟ್ಟನ್ನೆತ್ತಿ, ಕಂಪ್ರೆಸರಿನ ಬೆಲ್ಟನ್ನೇ ಕಳಚಬೇಕಾಗಿತ್ತು. 1954ರಲ್ಲಿ ನ್ಯಾಶ್ ಸಂಸ್ಥೆಯು ಇಡೀ ವ್ಯವಸ್ಥೆಯನ್ನು ಮುಂಭಾಗದಲ್ಲಿಯೇ ಅಡಕಗೊಳಿಸಿದ ಮೇಲೆ, ತಂಪೂ ಅದರ ಗುಂಡಿಗಳೂ ಕ್ರಮೇಣ ಮುಂದಿನವರ ವಶವಾದುವು.

ಇಂದಿನ ಸಣ್ಣ ಕಾರುಗಳಲ್ಲಿ ಹಿಂಬದಿಯ ಎ.ಸಿ. ಎಂದು ಶ್ಲಾಘಿಸಲ್ಪಡುವುದು ಬಹುಮಟ್ಟಿಗೆ ಮುಂದಿನ ಯಂತ್ರದಿಂದ ಆಸನಗಳ ನಡುವೆ ಎಳೆದು ತಂದ ಕೊಳವೆಯೇ ಹೊರತು ಬೇರೆಯಲ್ಲ. ಕಿಂಡಿಯನ್ನು ತಿರುಗಿಸಬಹುದು, ಮುಚ್ಚಬಹುದು, ಉಷ್ಣತೆಯನ್ನು ಮಾತ್ರ ಬದಲಿಸಲಾಗದು. ಇನ್ನೋವಾದಂತಹ ದೊಡ್ಡ ಗಾಡಿಗಳಲ್ಲಿ ಹಿಂದಿನವರಿಗೆಂದು ಬೇರೆಯ ಬ್ಲೋವರಿದ್ದು, ಛಾವಣಿಯ ಕಿಂಡಿಗಳಿಂದ ಗಾಳಿ ಇಳಿಯುತ್ತದೆ; ತಂಪುಗಾಳಿ ಭಾರವಾದುದರಿಂದ ಇದೇ ಯುಕ್ತವಾದ ಕ್ರಮ. ಆದರೂ ಮುಂದಿನವರು ಎ.ಸಿ. ಆರಿಸಿದರೆ ಹಿಂದಿನ ಗುಂಡಿಯಿಂದ ಬರುವುದು ಬರಿಯ ಗಾಳಿ. ಮೂರು ವಲಯಗಳಾಗಿ ವಿಭಾಗಿಸಿದ ದುಬಾರಿ ಕಾರುಗಳಲ್ಲಿ ಹಿಂದಿನವರು ತಮ್ಮ ಉಷ್ಣತೆಯನ್ನು ತಾವೇ ನಿಶ್ಚಯಿಸಬಹುದೆಂಬುದು ನಿಜ. ಅಲ್ಲಿಯೂ ಎಷ್ಟೋ ಮಾದರಿಗಳಲ್ಲಿ ಆ ಅಧಿಕಾರವನ್ನು ಮುಂದಿನಿಂದಲೇ ಕಸಿದುಕೊಳ್ಳುವ ಗುಂಡಿಯೊಂದಿದೆ. ಮಕ್ಕಳ ಕೈಚೇಷ್ಟೆಗೆ ಅದು ಬೇಕೇನೋ. ಮಂಡಿನೋವಿನ ಅಜ್ಜಿಗೂ ಅದೇ ಬೀಗವೆ?

ಬರಿಯ ಕೊಳವೆಯನ್ನು ಹಿಂಬದಿಯ ಎ.ಸಿ. ಎಂದು ಮೆರೆಸುವುದರ ಹಿಂದಿರುವುದು ಕೊಳ್ಳುವವನ ಕಣ್ಣಿಗೆ ಮೆಚ್ಚುಗೆಯಾಗಬೇಕೆಂಬ ಆತುರ; ಕಾರಿನ ರೇಡಿಯೋ ಆಂಟೆನಾವನ್ನು ಕುಗ್ಗಿಸಿದುದೂ ಅದೇ. ಎಫ್.ಎಂ. ಅಲೆಯ ಉದ್ದ ಸುಮಾರು 3 ಮೀಟರು. ಅದರ ಕಾಲುಭಾಗವಾದ 75 ಸೆಂಟಿಮೀಟರು, ಹಳೆಯ ಕಾರುಗಳ ಮಡ್‌ಗಾರ್ಡಿನ ಮೇಲೆ ಒಂದರೊಳಗೊಂದು ಸೇರುತ್ತ ಏಳುತ್ತಿದ್ದ ಕಡ್ಡಿಗೆ ಸಹಜವಾದ ಅಳತೆ. ಅದು ಕೊಂಬೆಗೆ ಸಿಕ್ಕಿ ಬಾಗುತ್ತಿತ್ತು, ತುಂಟ ಹುಡುಗರ ಕೈಯಲ್ಲಿ ಮುರಿಯುತ್ತಿತ್ತು, ನೋಟಕ್ಕೂ ಅಂದವಾಗಿರಲಿಲ್ಲ. ಈಗ ಛಾವಣಿಯ ಮೇಲಿರುವ ಶಾರ್ಕ್ ಮೀನಿನ ರೆಕ್ಕೆಯಾಕಾರದ ಆಂಟೆನಾ ನಯವಾದುದೇ. ಆದರೆ ಅದರೊಳಗಿನ ಗಿಡ್ಡ ತಂತಿಯ ಕೊರತೆಯನ್ನು ಆಂಪ್ಲಿಫೈಯರಿನಿಂದ ತುಂಬಬೇಕಾಗಿದ್ದು, ಅದು ಧ್ವನಿಯೊಡನೆ ಗದ್ದಲವನ್ನೂ ಹಿಗ್ಗಿಸುತ್ತದೆ. ಬೆಂಗಳೂರಿನೊಳಗೆ 101.3ರ ‘ಕಾಮನಬಿಲ್ಲು’ ಎಫ್.ಎಂ. ವಾಹಿನಿಯನ್ನು ಕೇಳುವವನಿಗೆ ಈ ವ್ಯತ್ಯಾಸ ತಿಳಿಯದು. ಪ್ರಸಾರಕೇಂದ್ರದಿಂದ ದೂರ ಹೋದಂತೆಲ್ಲ ತಿಳಿಯುತ್ತದೆ. ಶಿರಾಡಿ ಘಾಟಿಯ ತಿರುವುಗಳಲ್ಲಿ, ಬೆಟ್ಟಗಳು ಅಡ್ಡ ನಿಲ್ಲುವುದರಿಂದ, ಉದ್ದ ಕಡ್ಡಿಯೂ ಬಹಳ ಉಪಕರಿಸದೆಂಬುದನ್ನು ನ್ಯಾಯವಾಗಿ ಹೇಳಬೇಕು. ಆದರೆ ಬಯಲುಸೀಮೆಯ ಹೆದ್ದಾರಿಯಲ್ಲಿ ದೂರದ ಕೇಂದ್ರವನ್ನು ಹಿಡಿಯಬಯಸುವವನಿಗೆ ನಾನು ಆ ಕುರೂಪಿ ಕಡ್ಡಿಯನ್ನೇ ಸೂಚಿಸುವೆನು.