ಗಣರಾಜ್ಯದ ಮೊದಲ ದಶಕಗಳು: ಕೃಷ್ಣಾತೀರದಿಂದ ಒಂದು ವಿಮರ್ಶೆ

೧

ಭಾರತದ ಸಂವಿಧಾನವನ್ನು ಅಮೆರಿಕದ ಸಂಯುಕ್ತ ಸಂಸ್ಥಾನಗಳ ಸಂವಿಧಾನದೊಡನೆ ಹೋಲಿಸುವುದು ನಮ್ಮ ಕಾಲೇಜುಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಹೋಲಿಕೆಯ ತೀರ್ಮಾನವೂ ಬಹುಮಟ್ಟಿಗೆ ಗೊತ್ತಾದುದೇ. ಅಲ್ಲಿ ಹದಿಮೂರು ಸಂಸ್ಥಾನಗಳು ತಾವಾಗಿ ಒಪ್ಪಿ ಒಕ್ಕೂಟವನ್ನು ಕಟ್ಟಿದುವು. ಇಲ್ಲಿ ಒಕ್ಕೂಟವೇ ರಾಜ್ಯಗಳನ್ನು ಕಟ್ಟಿತು, ಅಳಿಸಿತು, ಮತ್ತೆ ಕಟ್ಟಿತು. ಆದುದರಿಂದ ಅಲ್ಲಿಯದು ನಿಜವಾದ ಒಕ್ಕೂಟ, ನಮ್ಮದು ಅರೆ-ಒಕ್ಕೂಟ. ಕೆ. ಸಿ. ವೇರ್ ಅವರು ಬಳಸಿದ ಈ ಮಾತು ಪಠ್ಯಪುಸ್ತಕದಿಂದ ಪ್ರಶ್ನೆಪತ್ರಿಕೆಗೆ, ಪ್ರಶ್ನೆಪತ್ರಿಕೆಯಿಂದ ಉತ್ತರಪತ್ರಿಕೆಗೆ ಸಾಗುತ್ತ, ಪರೀಕ್ಷಿಸುವವರಿಲ್ಲದೆ ಉಳಿದುಬಂದಿದೆ. ಪ್ರಕೃತ ಲೇಖನದಲ್ಲಿ ಇದನ್ನು ಒಂದು ನಿರ್ದಿಷ್ಟ ಸ್ಥಳದಲ್ಲಿ ನಿಂತು ಪರೀಕ್ಷಿಸಲು ನಾವು ಯತ್ನಿಸುತ್ತೇವೆ.

ಆ ಸ್ಥಳ ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿ. ಇದು ಕೃಷ್ಣೆಯ ಎಡದಂಡೆಯ ಊರು. ಬಸವಣ್ಣನವರ ಪತ್ನಿ ನೀಲಾಂಬಿಕೆಯವರು ಇಲ್ಲಿ ಐಕ್ಯರಾದರೆಂಬುದು ಪರಂಪರೆಯ ನಂಬಿಕೆ. ಬಸವಣ್ಣನವರು ಐಕ್ಯರಾದ ಕೂಡಲಸಂಗಮವಿರುವುದು ಬಲದಂಡೆಯ ಮೇಲೆ. ಶರಣಪರಂಪರೆಯ ನೆನಪಿನಲ್ಲಿ ಈ ಎರಡು ದಂಡೆಗಳ ನಡುವೆ ಗಡಿಯಿಲ್ಲ. ಆಡಳಿತದ ಇತಿಹಾಸ ಮಾತ್ರ ಬೇರೆಯಾದುದು. ೧೯೫೬ಕ್ಕೆ ಮೊದಲು ತಂಗಡಗಿ ಮುಂಬಯಿ ರಾಜ್ಯದ ವಿಜಾಪುರ ಜಿಲ್ಲೆಗೆ ಸೇರಿತ್ತು. ಹೊಳೆಯ ಹರಿವನ್ನೇ ಹಿಡಿದು ಕೆಲವು ಹರದಾರಿ ಪೂರ್ವಕ್ಕೆ ನಡೆದರೆ ಹೈದರಾಬಾದ್ ರಾಜ್ಯದ ಸುರಪುರ, ಲಿಂಗಸುಗೂರು ಸೀಮೆ. ಹೊಳೆ ಒಂದು, ಭಾಷೆ ಒಂದು, ಸರಕಾರಗಳು ಎರಡು. ಒಂದರ ರಾಜಧಾನಿ ಮುಂಬಯಿ, ಇನ್ನೊಂದರದು ಹೈದರಾಬಾದ್.

೨

ಮೊದಲು ಅಮೆರಿಕದ ‘ಒಪ್ಪಿಗೆ’ಯನ್ನು ನೋಡೋಣ. ೧೭೮೧ರಲ್ಲಿ ಜಾರಿಗೆ ಬಂದ ಒಕ್ಕೂಟದ ಕರಾರಿನಲ್ಲಿ ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರವಾಗಲಿ, ಸಂಸ್ಥಾನಗಳ ನಡುವಣ ವ್ಯಾಪಾರವನ್ನು ನಿಯಂತ್ರಿಸುವ ಅಧಿಕಾರವಾಗಲಿ ಇರಲಿಲ್ಲ. ಈ ಕೊರತೆಯನ್ನು ಮುನ್ನೆಲೆಗೆ ತಂದ ಪ್ರಶ್ನೆಗಳಲ್ಲಿ ಒಂದು ಹೊಳೆಯ ಪ್ರಶ್ನೆ. ಪೊಟೊಮ್ಯಾಕ್ ನದಿಯಲ್ಲಿ ನಾವೆಗಳ ಸಂಚಾರವನ್ನು ಕುರಿತು ವರ್ಜೀನಿಯಾ ಮತ್ತು ಮೇರಿಲೆಂಡ್ ಸಂಸ್ಥಾನಗಳ ಪ್ರತಿನಿಧಿಗಳು ೧೭೮೫ರಲ್ಲಿ ಮೌಂಟ್ ವರ್ನನ್‌ನಲ್ಲಿ ಸೇರಿದರು. ಅದರಿಂದ ೧೭೮೬ರ ಅನಾಪೊಲಿಸ್ ಸಭೆ, ಅದರಿಂದ ೧೭೮೭ರ ಫಿಲಡೆಲ್ಫಿಯಾ ಅಧಿವೇಶನ. ಅಮೆರಿಕದ ಸಂವಿಧಾನದ ಹುಟ್ಟನ್ನು ಮಹಾಪುರುಷರ ಚರಿತ್ರೆಯಾಗಿ ಮಾತ್ರ ಬೋಧಿಸುವವರು ಈ ಹೊಳೆಯನ್ನು ಮರೆಯುತ್ತಾರೆ.

ಒಪ್ಪಿಗೆಯಾದರೂ ಸಂಪೂರ್ಣವಾದುದೇ? ಹಳೆಯ ಕರಾರನ್ನು ತಿದ್ದಲು ಹದಿಮೂರು ಸಂಸ್ಥಾನಗಳೂ ಒಪ್ಪಬೇಕಿತ್ತು. ಹೊಸ ಸಂವಿಧಾನವಾದರೋ ಒಂಬತ್ತು ಸಂಸ್ಥಾನಗಳ ಅನುಮೋದನೆ ಸಾಕೆಂದು ತಾನೇ ವಿಧಿಸಿಕೊಂಡಿತು. ಫಿಲಡೆಲ್ಫಿಯಾಕ್ಕೆ ಪ್ರತಿನಿಧಿಗಳನ್ನೇ ಕಳುಹಿಸದ ರೋಡ್ ಐಲೆಂಡ್ ಕೊನೆಗೆ ಒಪ್ಪಿದುದು ೧೭೯೦ರಲ್ಲಿ, ಹೊಸ ಸರಕಾರ ಕಾರ್ಯಾರಂಭ ಮಾಡಿದ ಮರುವರ್ಷ. ಪ್ರಾತಿನಿಧ್ಯದ ಲೆಕ್ಕದಲ್ಲಿ ಗುಲಾಮರು ಐದರಲ್ಲಿ ಮೂರು ಪಾಲಾಗಿ ಎಣಿಸಲ್ಪಟ್ಟರು, ಆದರೆ ಅವರ ಒಪ್ಪಿಗೆಯನ್ನು ಕೇಳಿದವರಿಲ್ಲ. ಮೂಲನಿವಾಸಿ ಜನಾಂಗಗಳನ್ನು ೧೮೩೦ರ ಕಾಯಿದೆಯ ಬಲದಿಂದ ಮಿಸಿಸಿಪ್ಪಿಯ ಪಶ್ಚಿಮಕ್ಕೆ ಸಾಗಿಸಲಾಯಿತು. ೧೮೩೨ರಲ್ಲಿ ಸರ್ವೋಚ್ಚ ನ್ಯಾಯಾಲಯವು ಚೆರೊಕೀ ಜನರ ನೆಲದ ಮೇಲೆ ಜಾರ್ಜಿಯಾದ ಕಾನೂನು ನಡೆಯದೆಂದು ತೀರ್ಪಿತ್ತರೂ ಅದು ನಿಲ್ಲಲಿಲ್ಲ. ಆದುದರಿಂದ ಒಪ್ಪಿಗೆಯೆಂಬುದು ಸಂಸ್ಥಾನಗಳ ಒಪ್ಪಿಗೆ, ಅಲ್ಲಿಯ ಎಲ್ಲ ಜನರ ಒಪ್ಪಿಗೆಯಲ್ಲ.

೩

ಇನ್ನು ನಮ್ಮ ಸಂವಿಧಾನದ ಮೂರನೆಯ ಅನುಚ್ಛೇದ. ರಾಜ್ಯಗಳ ಗಡಿಯನ್ನು ಬದಲಿಸುವ, ಹೊಸ ರಾಜ್ಯವನ್ನು ರಚಿಸುವ ಅಧಿಕಾರವನ್ನು ಇದು ಸಂಸತ್ತಿಗೆ ಕೊಡುತ್ತದೆ. ಸಂಬಂಧಪಟ್ಟ ರಾಜ್ಯದ ವಿಧಾನಮಂಡಲದ ಅಭಿಪ್ರಾಯ ಕೇಳಬೇಕು, ಒಪ್ಪಿಗೆ ಬೇಕಾಗಿಲ್ಲ. ಅಮೆರಿಕದಲ್ಲಿ ಒಂದು ಸಂಸ್ಥಾನದ ನೆಲದಿಂದ ಇನ್ನೊಂದನ್ನು ರಚಿಸಬೇಕಾದರೆ ಮೂಲ ಸಂಸ್ಥಾನದ ಒಪ್ಪಿಗೆ ಅನಿವಾರ್ಯ. ೧೭೯೨ರಲ್ಲಿ ಕೆಂಟಕಿ ವರ್ಜೀನಿಯಾದಿಂದಲೂ ೧೮೨೦ರಲ್ಲಿ ಮೇಯ್ನ್ ಮ್ಯಾಸಚೂಸೆಟ್ಸ್‌ನಿಂದಲೂ ಹೀಗೆ ಒಪ್ಪಿಗೆ ಪಡೆದೇ ಹೊರಬಂದುವು. ‘ಅರೆ-ಒಕ್ಕೂಟ’ವೆಂಬ ವಾದಕ್ಕೆ ಈ ವ್ಯತ್ಯಾಸವೇ ದೊಡ್ಡ ಆಧಾರಗಳಲ್ಲೊಂದು.

ಅಮೆರಿಕದ ನಿಯಮ ನಮ್ಮಲ್ಲಿ ಇದ್ದಿದ್ದರೆ ತಂಗಡಗಿಯ ಗತಿಯೇನಾಗುತ್ತಿತ್ತು? ಕನ್ನಡ ನಾಡಿನ ಏಕೀಕರಣಕ್ಕೆ ಮುಂಬಯಿ, ಹೈದರಾಬಾದ್, ಮೈಸೂರು ಮೊದಲಾದ ವಿಧಾನಮಂಡಲಗಳು ಒಂದೊಂದಾಗಿ ಒಪ್ಪಬೇಕಾಗುತ್ತಿತ್ತು. ಕನ್ನಡಿಗರು ಅಲ್ಪಸಂಖ್ಯಾತರಾಗಿದ್ದ ಸಭೆಗಳ ಕೈಯಲ್ಲಿ ಕನ್ನಡಿಗರ ಭವಿಷ್ಯ ನಿಲ್ಲುತ್ತಿತ್ತು. ೧೯೫೩ರಲ್ಲಿ ನೇಮಕಗೊಂಡ ಫಜಲ್ ಅಲಿ ಆಯೋಗ ೧೯೫೫ರಲ್ಲಿ ವರದಿಯಿತ್ತಿತು; ೧೯೫೬ರ ನವೆಂಬರ್ ೧ರಂದು ವಿಜಾಪುರ, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಒಂದೇ ರಾಜ್ಯಕ್ಕೆ ಸೇರಿದುವು. ಪುಸ್ತಕಗಳು ದೌರ್ಬಲ್ಯವೆಂದು ಎಣಿಸುವ ಅನುಚ್ಛೇದವೇ ಇಲ್ಲಿ ಚದುರಿದ ಜನರನ್ನು ಒಂದುಗೂಡಿಸಿತು. ಅಳತೆಗೋಲು ಅಮೆರಿಕದ್ದಾದರೆ ಈ ಲಾಭ ಲೆಕ್ಕಕ್ಕೇ ಸಿಕ್ಕುವುದಿಲ್ಲ.

೪

ಆದರೆ ಸ್ತುತಿ ವಿಮರ್ಶೆಯಾಗಲಾರದು. ನೆಲದ ಗೆರೆಯನ್ನು ಒಂದು ದಿನದಲ್ಲಿ ಬದಲಿಸಿದ ಲೇಖನಿ ನೀರಿನ ಪಾಲನ್ನು ಬಗೆಹರಿಸಲಿಲ್ಲ. ೧೯೫೧ರಲ್ಲಿ ಕೃಷ್ಣೆಯ ನೀರಿನ ಹಂಚಿಕೆಗೆ ಒಂದು ಒಪ್ಪಂದ ಸಿದ್ಧವಾಯಿತು. ಮೈಸೂರು ಅದನ್ನು ಅನುಮೋದಿಸಲಿಲ್ಲ. ೧೯೫೩, ೧೯೫೬, ೧೯೬೦ರ ಬದಲಾವಣೆಗಳಿಂದ ಪಾಲುಗಾರ ರಾಜ್ಯಗಳ ಸ್ವರೂಪವೇ ಬೇರೆಯಾಯಿತು. ಕೆಳಹರಿವಿನಲ್ಲಿ ನಾಗಾರ್ಜುನಸಾಗರಕ್ಕೆ ೧೯೫೫ರಲ್ಲಿ ಶಂಕುಸ್ಥಾಪನೆಯಾದರೆ, ಆಲಮಟ್ಟಿಗೆ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದುದು ೧೯೬೪ರಲ್ಲಿ. ಈ ಅಂತರಕ್ಕೆ ಬೆಲೆ ತೆರಬೇಕಾಯಿತು. ೧೯೬೯ರಲ್ಲಿ ರಚಿತವಾದ ಬಚಾವತ್ ನ್ಯಾಯಾಧಿಕರಣವು ೧೯೬೦ರ ಸೆಪ್ಟೆಂಬರಿನ ವೇಳೆಗೆ ಬಳಕೆಗೆ ಗೊತ್ತಾಗಿದ್ದ ನೀರಿಗೆ ಆದ್ಯತೆಯಿತ್ತು, ಉಳಿದುದನ್ನು ಹಂಚಿತು. ಅದು ಲೆಕ್ಕ ಹಿಡಿದ ೨,೦೬೦ ಟಿಎಂಸಿಯಲ್ಲಿ ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಪ್ರದೇಶಕ್ಕೆ ೮೦೦. ಮೊದಲು ಕಟ್ಟಿದವನ ಹಕ್ಕು ಮೊದಲು ರಕ್ಷಿತವಾಯಿತು. ಒಂದೇ ರಾಜ್ಯವಾಗಲು ೧೯೫೬ರವರೆಗೆ ಕಾದವರು ಆಣೆಕಟ್ಟಿಗೂ ತಡವಾಗಿಯೇ ಬಂದವರು.

ನೀರು ಬಂದಾಗ ಅದರ ಇನ್ನೊಂದು ಮುಖವೂ ಕಂಡಿತು. ೧೯೮೨ರಲ್ಲಿ ಮುಗಿದ ನಾರಾಯಣಪುರದ ಜಲಾಶಯದ ಹಿನ್ನೀರು ಕೂಡಲಸಂಗಮದವರೆಗೆ ಏರಿ ನಿಂತಿತು. ಬಸವಣ್ಣನವರ ಐಕ್ಯಸ್ಥಳವನ್ನು ಸುತ್ತಲೂ ಗೋಡೆ ಕಟ್ಟಿ ಉಳಿಸಬೇಕಾಯಿತು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಭಾಗಗಳೂ ಅನೇಕ ಹಳ್ಳಿಗಳ ಹೊಲಮನೆಗಳೂ ಮುಳುಗಿದುವು. ಐಕ್ಯಸ್ಥಳಕ್ಕೆ ಗೋಡೆ ದೊರಕಿತು; ಹೊಲಕ್ಕೆ ದೊರಕಿದುದು ಪರಿಹಾರದ ಹಣ. ನ್ಯಾಯಾಧಿಕರಣದ ಮುಂದೆ ವಾದಿಸಿದವು ರಾಜ್ಯಗಳು. ಮುಳುಗಡೆಯಾದ ರೈತ ಅಲ್ಲಿ ಪಕ್ಷಗಾರನಾಗಿರಲಿಲ್ಲ. ಫಿಲಡೆಲ್ಫಿಯಾದ ಗುಲಾಮನಿಗೂ ಕೃಷ್ಣಾತೀರದ ಈ ರೈತನಿಗೂ ಸಾಮ್ಯವಿದೆಯೆಂದು ನಾವು ಹೇಳಲಾರೆವು. ಒಬ್ಬನಿಗೆ ಮತವಿರಲಿಲ್ಲ, ಇನ್ನೊಬ್ಬನಿಗಿತ್ತು. ಆದರೆ ಘಟಕಗಳ ನಡುವಣ ನ್ಯಾಯ ಘಟಕದೊಳಗಿನ ವ್ಯಕ್ತಿಗೆ ತಾನಾಗಿ ತಲಪುವುದಿಲ್ಲವೆಂಬ ಪಾಠ ಎರಡೂ ಕಡೆ ಒಂದೇ.

೫

ಮೂರನೆಯ ಅನುಚ್ಛೇದದ ಕಥೆ ೧೯೫೬ಕ್ಕೆ ಮುಗಿಯಲಿಲ್ಲ. ೨೦೧೪ರ ಜನವರಿಯಲ್ಲಿ ಆಂಧ್ರಪ್ರದೇಶದ ವಿಧಾನಸಭೆ ವಿಭಜನೆಯ ಮಸೂದೆಯನ್ನು ತಿರಸ್ಕರಿಸಿತು. ಆದರೂ ಅದೇ ವರ್ಷದ ಜೂನ್ ೨ರಂದು ತೆಲಂಗಾಣ ಅಸ್ತಿತ್ವಕ್ಕೆ ಬಂದಿತು, ಕೃಷ್ಣೆಗೆ ಇನ್ನೊಬ್ಬ ಪಾಲುಗಾರನಾಯಿತು. ನಮಗೆ ಏಕೀಕರಣವನ್ನು ಕೊಟ್ಟ ಅಧಿಕಾರ ಇದೇ. ನಮಗೆ ಹಿತವಾದಾಗ ಅದನ್ನು ಹೊಗಳಿ, ಮತ್ತೊಬ್ಬರಿಗೆ ಹಿತವಾದಾಗ ಕೇಂದ್ರದ ದಬ್ಬಾಳಿಕೆಯೆಂದು ಹಳಿಯುವುದು ವಿದ್ವತ್ತಿಗೆ ಸಲ್ಲದು.

ಇಷ್ಟರಿಂದ ನಮ್ಮ ತೀರ್ಮಾನ ಸ್ಪಷ್ಟ. ಗಣರಾಜ್ಯವೊಂದರ ಮೊದಲ ದಶಕಗಳನ್ನು ಅದರ ಶಾಸನಪತ್ರ ಯಾವ ಮಾದರಿಗೆ ಹೊಂದುತ್ತದೆಂಬುದರಿಂದ ಅಳೆಯಬಾರದು. ಅದು ಯಾರನ್ನು ಒಂದುಗೂಡಿಸಿತು, ಯಾವ ವ್ಯಾಜ್ಯವನ್ನು ಮುಂದಿನ ಪೀಳಿಗೆಗೆ ಬಿಟ್ಟಿತು, ಯಾರ ಒಪ್ಪಿಗೆಯನ್ನು ಕೇಳದೆ ಹೋಯಿತು ಎಂಬ ಮೂರು ಪ್ರಶ್ನೆಗಳಿಂದ ಅಳೆಯಬೇಕು. ಗುಲಾಮಗಿರಿಯ ಪ್ರಶ್ನೆಯನ್ನು ೧೮೨೦ರ ಮಿಸೌರಿ ಒಡಂಬಡಿಕೆಯಲ್ಲಿ ಮುಂದೂಡಿದ ಅಮೆರಿಕ ೧೮೬೧ರಲ್ಲಿ ಅಂತರ್ಯುದ್ಧವನ್ನು ಕಂಡಿತು. ನಮ್ಮ ಮುಂದೂಡಿಕೆಗಳು ನ್ಯಾಯಾಧಿಕರಣದಿಂದ ನ್ಯಾಯಾಧಿಕರಣಕ್ಕೆ ಸಾಗಿವೆಯೇ ಹೊರತು ಯುದ್ಧಕ್ಕೆ ತಿರುಗಲಿಲ್ಲ. ಇದು ಸಣ್ಣ ಸಾಧನೆಯಲ್ಲ, ಪೂರ್ಣ ಸಾಧನೆಯೂ ಅಲ್ಲ. ‘ಅರೆ-ಒಕ್ಕೂಟ’ವೆಂದು ಬರೆದು ಅಂಕ ಪಡೆಯುವ ವಿದ್ಯಾರ್ಥಿಯನ್ನು ಅಧ್ಯಾಪಕರು ಒಮ್ಮೆ ತಂಗಡಗಿಯ ದಂಡೆಗೆ ಕರೆದೊಯ್ದು, ಹಿನ್ನೀರಿನಾಚೆ ಕೂಡಲಸಂಗಮವನ್ನು ತೋರಿಸಿ, ಈ ಮೂರು ಪ್ರಶ್ನೆಗಳನ್ನು ಕೇಳಲಿ. ಉತ್ತರಪತ್ರಿಕೆ ಆಮೇಲೆ ಬೇರೆಯಾದೀತೆಂದು ನಮ್ಮ ನಂಬಿಕೆ.