ಹಾಜಿಗಳ ಮೊಮ್ಮಕ್ಕಳ ತಂಡ

2023ರ ಜೂನ್ ಮೊದಲ ವಾರ ಕರೀಂ ಬೆಂಜೆಮಾ ಸ್ಪೇನಿನ ರಿಯಲ್ ಮ್ಯಾಡ್ರಿಡ್ ತಂಡವನ್ನು ಬಿಟ್ಟು ಜಿದ್ದಾದ ಅಲ್-ಇತ್ತಿಹಾದ್ ಕ್ಲಬ್ಬನ್ನು ಸೇರಿದಾಗ, ಅಲ್ಲಿಯವರೆಗೆ ಈ ಹೆಸರನ್ನೇ ಎತ್ತದಿದ್ದ ಪತ್ರಿಕೆಗಳು ಪುಟಗಟ್ಟಲೆ ಬರೆದವು. ಹಾಗೆ ಬಂದ ಬರಹಗಳಲ್ಲಿ ಎರಡು ಧಾಟಿಯವು ಹೆಚ್ಚು. ಒಂದು, ಎಣ್ಣೆ ದುಡ್ಡಿನ ಬಗ್ಗೆ ಮೂಗು ಮುರಿಯುವಂಥದ್ದು: ಮರಳುಗಾಡಿನ ಜನಕ್ಕೆ ಆಟದ ಗಂಧವಿಲ್ಲ, ಆಟಗಾರರನ್ನು ಕೊಳ್ಳುವುದಷ್ಟೇ ಗೊತ್ತು ಎಂಬ ಮಾತು. ಇನ್ನೊಂದು ನಮ್ಮ ಮೊಹಲ್ಲಾದ ಹುಡುಗರ ಮೊಬೈಲುಗಳಲ್ಲಿ ಓಡಾಡಿದ್ದು: ಅಂಥ ದೊಡ್ಡ ಆಟಗಾರ ಮಕ್ಕಾಕ್ಕೆ ಹತ್ತಿರವಾದ ಊರನ್ನು ಆರಿಸಿಕೊಂಡ, ಮಾಷಾ ಅಲ್ಲಾಹ್. ಬೆಂಜೆಮಾ ಕೂಡ ಆ ಅರ್ಥದ ಮಾತನ್ನು ಆಡಿದ್ದುಂಟು. ಅವರ ನಿಯ್ಯತ್ತನ್ನು ಅಳೆಯುವ ಕೆಲಸ ನಮ್ಮದಲ್ಲ. ನಮ್ಮ ತಕರಾರು ಬೇರೆ. ಹೀಗಳೆಯುವವರಿಗೂ ಹೊಗಳುವವರಿಗೂ ಈ ಕ್ಲಬ್ಬು ಆ ಜೂನ್ ತಿಂಗಳಲ್ಲೇ ಹುಟ್ಟಿದಂತಿತ್ತು. ಆಗ ಅದಕ್ಕೆ 95 ವರ್ಷ.

ಜಿದ್ದಾ ಇರುವುದು ಕೆಂಪು ಸಮುದ್ರದ ದಡದಲ್ಲಿ. ಭೂಗೋಳದ ಪ್ರಕಾರ ಅದು ಗಲ್ಫ್ ಅಲ್ಲ. ಆದರೆ ನಮ್ಮ ಕರಾವಳಿಯಲ್ಲಿ ದುಬೈ ಆಗಲಿ, ಮಸ್ಕತ್ ಆಗಲಿ, ಜಿದ್ದಾ ಆಗಲಿ, ಹೋದವನು ಗಲ್ಫಿಗೆ ಹೋದವನೇ. ಆ ಲೆಕ್ಕದಲ್ಲೇ ಮುಂದುವರಿಯೋಣ.

ಅಬ್ದುಲ್ ಅಝೀಝ್ ಇಬ್ನ್ ಸವೂದ್ ಅವರ ಸೇನೆಗೆ ಜಿದ್ದಾ ಶರಣಾದದ್ದು 1925ರ ಡಿಸೆಂಬರಿನಲ್ಲಿ. 'ಸೌದಿ ಅರೇಬಿಯಾ' ಎಂಬ ಹೆಸರಿನ ರಾಜ್ಯ ಘೋಷಣೆಯಾದದ್ದು 1932ರಲ್ಲಿ. ಇವೆರಡರ ನಡುವೆ, 1927ರಲ್ಲಿ, ಇತ್ತಿಹಾದ್ ಹುಟ್ಟಿತು. ಅಂದರೆ ಈ ಕ್ಲಬ್ಬು ತನ್ನ ದೇಶದ ಹೆಸರಿಗಿಂತ ಹಳೆಯದು. ಇಂದಿಗೂ ಉಳಿದಿರುವ ಸೌದಿ ಕ್ಲಬ್ಬುಗಳಲ್ಲಿ ಇದೇ ಹಿರಿಯದಾದ್ದರಿಂದ ಅಭಿಮಾನಿಗಳು 'ಅಲ್-ಅಮೀದ್' ಎನ್ನುತ್ತಾರೆ. ನಾವು ಊರಿನ ಯಜಮಾನ ಎನ್ನುತ್ತೇವಲ್ಲ, ಹೆಚ್ಚುಕಡಿಮೆ ಹಾಗೆ. ಇತ್ತಿಹಾದ್ ಎಂದರೆ ಒಗ್ಗಟ್ಟು. ಉರ್ದು ಶಾಲೆಯ ಮೂರನೆಯ ತರಗತಿಯ ಮಗುವಿಗೂ ಅರ್ಥ ಹೇಳಿಕೊಡಬೇಕಾಗಿಲ್ಲದ ಶಬ್ದ. ಆದರೆ ಯಾರ ಯಾರ ಒಗ್ಗಟ್ಟು? ಈ ಕ್ಲಬ್ಬಿನ ಕತೆಯೆಲ್ಲ ಆ ಪ್ರಶ್ನೆಯಲ್ಲಿದೆ.

ಜಿದ್ದಾ ಬರೀ ಅರಬರ ಊರಾಗಿ ಎಂದೂ ಇರಲಿಲ್ಲ. ಹಡಗಿನಲ್ಲಿ ಬಂದ ಹಾಜಿಗಳು ಇಳಿಯುತ್ತಿದ್ದ ಬಂದರು ಅದು. ಇಳಿದವರೆಲ್ಲ ಮರಳಿ ಹತ್ತಲಿಲ್ಲ. ಹಿಂದಿರುಗುವ ಖರ್ಚಿಲ್ಲದೆ ಉಳಿದವರು, ಕೂಲಿ ಹುಡುಕಿ ಉಳಿದವರು, ಹರಮಿನ ನೆರಳಲ್ಲಿ ಪ್ರಾಣ ಬಿಡಬೇಕೆಂದು ಉಳಿದವರು. ಜಾವಾದವರು, ಬುಖಾರಾದವರು, ಹದ್ರಮೌತಿನವರು, ಹಿಂದೂಸ್ಥಾನದವರು, ಪಶ್ಚಿಮ ಆಫ್ರಿಕದಿಂದ ನಡೆದೇ ಸೂಡಾನ್ ದಾಟಿ ಬಂದವರು. ಒಂದೇ ಉದಾಹರಣೆ ಸಾಕು. 1905ರಲ್ಲಿ ಜಿದ್ದಾದಲ್ಲಿ ಫಲಾಹ್ ಮದ್ರಸಾ ತೆರೆದ ಮುಹಮ್ಮದ್ ಅಲಿ ಝೈನಲ್ ಅಲಿರಝಾ ಮುಂಬಯಿಯ ಮುತ್ತಿನ ವ್ಯಾಪಾರದಲ್ಲಿ ಹೆಸರು ಮಾಡಿದವರು, ತೀರಿಕೊಂಡದ್ದೂ ಮುಂಬಯಿಯಲ್ಲೇ. ಆ ಕಾಲದಲ್ಲಿ ಜಿದ್ದಾಕ್ಕೆ ರಿಯಾದ್‌ಗಿಂತ ಮುಂಬಯಿಯೇ ಹತ್ತಿರವಿತ್ತು. ಕಾಲ್ಚೆಂಡಾಟವೂ ಅಲ್ಲಿಗೆ ಹೀಗೆ ಹೊರಗಿನವರ ಜೊತೆ, ಮುಖ್ಯವಾಗಿ ಜಾವಾದವರ ಜೊತೆ ಬಂತೆಂಬ ಮಾತಿದೆ.

ಮುಂದೆ 1937ರಲ್ಲಿ ಅದೇ ಊರಿನಲ್ಲಿ ಅಲ್-ಅಹ್ಲಿ ಹುಟ್ಟಿತು. ಅಹ್ಲಿಗೆ ರಾಜಮನೆತನದ ಪೋಷಣೆ ಸಿಕ್ಕಿತು, ಇತ್ತಿಹಾದಿಗೆ 'ಜನರ ಕ್ಲಬ್ಬು' ಎಂಬ ಹೆಸರು ಸಿಕ್ಕಿತು. ಇಂಥ ಹೆಸರುಗಳನ್ನು ಪೂರ್ತಿ ನಂಬಬಾರದು. ಇತ್ತಿಹಾದನ್ನೂ ದೊಡ್ಡ ವ್ಯಾಪಾರಿಗಳೇ ಸಾಕಿದರು. ಆದರೂ ಬಂದರಿನ ದಕ್ಷಿಣದ ಇಕ್ಕಟ್ಟು ಗಲ್ಲಿಗಳಲ್ಲಿ ಹಳದಿ-ಕಪ್ಪು ಪಟ್ಟೆಯೇ ಹೆಚ್ಚು ಕಾಣುತ್ತಿತ್ತು ಎನ್ನುವುದರಲ್ಲಿ ಹುರುಳಿದೆ. ಅದು ಏಕೆ ಎಂಬುದು ತಂಡದ ಹೆಸರುಪಟ್ಟಿಯನ್ನು ಓದಿದರೆ ಗೊತ್ತಾಗುತ್ತದೆ.

2004ರ ಏಷ್ಯನ್ ಚಾಂಪಿಯನ್ಸ್ ಲೀಗಿನ ಫೈನಲನ್ನೇ ತೆಗೆದುಕೊಳ್ಳಿ. ಎದುರಾಳಿ ದಕ್ಷಿಣ ಕೊರಿಯಾದ ಸೊಂಗ್ನಾಮ್. ಎರಡು ಪಂದ್ಯಗಳ ಒಟ್ಟು ಗೋಲು ಲೆಕ್ಕ. ಮೊದಲ ಪಂದ್ಯ ಜಿದ್ದಾದಲ್ಲಿ. ತವರಿನ ಜನರ ಮುಂದೆಯೇ ಇತ್ತಿಹಾದ್ 1-3ರಿಂದ ಸೋತಿತು. ಕೊರಿಯಾಕ್ಕೆ ಹೋಗಿ, ಡಿಸೆಂಬರಿನ ಚಳಿಯಲ್ಲಿ, ಕನಿಷ್ಠ ಎರಡು ಗೋಲಿನ ಅಂತರದಲ್ಲಿ ಗೆಲ್ಲದೆ ದಾರಿಯಿಲ್ಲ. ಫಾತಿಹಾ ಓದಿ ಮುಗಿಸಬಹುದಾದ ಪರಿಸ್ಥಿತಿ. ಡಿಸೆಂಬರ್ 1ರಂದು ಇತ್ತಿಹಾದ್ ಅಲ್ಲಿ ಗೆದ್ದದ್ದು 5-0 ಅಂತರದಿಂದ. ಏಷ್ಯಾದ ಕ್ಲಬ್ ಕಾಲ್ಚೆಂಡಿನ ಚರಿತ್ರೆಯಲ್ಲಿ ಇದಕ್ಕೆ ಸರಿಗಟ್ಟುವ ಫೈನಲ್ ನಮಗೆ ಕಾಣಿಸುವುದಿಲ್ಲ.

ಗೋಲು ಹೊಡೆದವರು ರಝಾ ತುಕರ್, ಹಂಝಾ ಇದ್ರೀಸ್, ಮನಾಫ್ ಅಬೂ ಶುಕೈರ್, ಮತ್ತು ಎರಡು ಬಾರಿ ಮುಹಮ್ಮದ್ ನೂರ್. ಐದೂ ಗೋಲುಗಳು ಆ ನೆಲದವರದೇ. ಕೊಂಡು ತಂದ ತಾರೆಯರದ್ದಲ್ಲ. ಇನ್ನು ಹೆಸರುಗಳಿಗೆ ಬರೋಣ. ಮಕ್ಕಾದಲ್ಲಿ ಹುಟ್ಟಿದ ಮುಹಮ್ಮದ್ ನೂರ್ ಅವರ ಮನೆತನದ ಹೆಸರು ಹೌಸಾವಿ. ರಝಾ ತುಕರ್ ಅವರದು ಫಲ್ಲಾತ. ಹೌಸಾವಿ ಎಂದರೆ ಹೌಸಾ ಜನ, ಫಲ್ಲಾತ ಎಂದರೆ ಫುಲಾನಿ ಜನ. ಈಗಿನ ನೈಜೀರಿಯಾ, ನೈಜರ್ ಕಡೆಯಿಂದ ತಲೆಮಾರುಗಳ ಹಿಂದೆ ಹಜ್ಜಿಗೆ ಬಂದು ಹಿಜಾಝಿನಲ್ಲಿ ನಿಂತವರ ಗುರುತು ಈ ಹೆಸರುಗಳು. ನಮ್ಮ ಓದುಗರಿಗೆ ಇದು ವಿಚಿತ್ರವಾಗಿ ಕಾಣಬೇಕಿಲ್ಲ. ಭಟ್ಕಳದ ನವಾಯತರ ಹೆಸರಿನಲ್ಲೇ 'ಹೊಸದಾಗಿ ಬಂದವರು' ಎಂಬ ಅರ್ಥವಿದೆಯೆಂದು ಅವರ ಹಿರಿಯರು ಹೇಳುತ್ತಾರೆ. ಅವರದು ಕಡಲು ದಾಟಿ ಈಚೆ ಬಂದ ನೆನಪು, ಇವರದು ಕಡಲು ದಾಟಿ ಆಚೆ ಹೋದ ನೆನಪು.

ಆಗಿನ ಕ್ಲಬ್ಬಿನ ಅಧ್ಯಕ್ಷ ಮನ್ಸೂರ್ ಅಲ್-ಬಲವಿ ಎಂಬ ಉದ್ಯಮಿ ದುಡ್ಡು ಸುರಿದದ್ದೂ ನಿಜ. 2005ರಲ್ಲಿ ಅಲ್-ಐನ್ ತಂಡವನ್ನು ಮಣಿಸಿ ಇತ್ತಿಹಾದ್ ಮತ್ತೆ ಏಷ್ಯಾ ಚಾಂಪಿಯನ್ ಆಯಿತು. ಅದೇ ಡಿಸೆಂಬರಿನಲ್ಲಿ ಜಪಾನಿನಲ್ಲಿ ನಡೆದ ವಿಶ್ವ ಕ್ಲಬ್ ಪಂದ್ಯಾವಳಿಯಲ್ಲಿ ಕೈರೋದ ಅಲ್-ಅಹ್ಲಿಯನ್ನು ಸೋಲಿಸಿತು. ಗೋಲು ಮತ್ತೆ ನೂರ್ ಅವರದೇ. ಮುಂದಿನ ಪಂದ್ಯದಲ್ಲಿ ಬ್ರೆಜಿಲಿನ ಸಾವೊ ಪಾಲೊಗೆ 2-3ರಿಂದ ಸೋತರೂ ತಲೆ ತಗ್ಗಿಸಬೇಕಾದ ಆಟವಲ್ಲ. 2009ರಲ್ಲಿ ಮೂರನೆಯ ಬಾರಿ ಏಷ್ಯಾದ ಫೈನಲಿಗೆ ಬಂದು ಟೋಕಿಯೋದಲ್ಲಿ ಪೊಹಾಂಗ್ ತಂಡಕ್ಕೆ ಸೋತಿತು. ಅಲ್ಲಿಂದಾಚೆಗೆ ಇಳಿಜಾರು. ನೂರ್ 2013ರಲ್ಲಿ ರಿಯಾದಿನ ನಸ್ರ್ ತಂಡಕ್ಕೆ ಹೋದರು, ಮರಳಿ ಬಂದರು. ಕೊನೆಗೆ ಉದ್ದೀಪನ ಮದ್ದಿನ ಪರೀಕ್ಷೆಯಲ್ಲಿ ಸಿಕ್ಕಿ ನಿಷೇಧಕ್ಕೊಳಗಾಗಿ ಅವರ ಆಟ ಮುಗಿಯಿತು. ಅಭಿಮಾನಿಗಳು ಇದನ್ನು ನುಂಗಿಕೊಂಡು ಮಾತಾಡುತ್ತಾರೆ. ನಾವು ಹಾಗೆ ಮಾಡಬೇಕಿಲ್ಲ.

ಆ ಹತ್ತು ವರ್ಷಗಳ ಅವಸ್ಥೆಯನ್ನು ವಿಸ್ತರಿಸುವುದು ಬೇಡ. ಒಬ್ಬ ಶ್ರೀಮಂತ ಬಂದಾಗ ಜೇಬು ತುಂಬುವುದು, ಹೋದಾಗ ಸಾಲ ಉಳಿಯುವುದು. ಬಾಕಿ ತೀರಿಸದ್ದಕ್ಕಾಗಿ ಫಿಫಾ 2016-17ರ ಲೀಗಿನಲ್ಲಿ ಮೂರು ಅಂಕ ಕಿತ್ತುಕೊಂಡಿತು. 2018-19ರಲ್ಲಿ ಏಷ್ಯಾವನ್ನು ಎರಡು ಬಾರಿ ಗೆದ್ದ ತಂಡ ಹತ್ತನೆಯ ಸ್ಥಾನದಲ್ಲಿ ನಿಂತಿತು. 2021-22ರಲ್ಲಿ ಗೆಲುವು ಕೈಗೆ ಬಂದೇ ಬಂತು ಎನ್ನುವಾಗ ರಿಯಾದಿನ ಹಿಲಾಲ್ ಎರಡು ಅಂಕಗಳಿಂದ ಮುಂದೆ ಹೋಯಿತು. ಆ ವರ್ಷ ಊರಿನ ಇನ್ನೊಂದು ತಂಡ ಅಹ್ಲಿ ಕೆಳಗಿನ ದರ್ಜೆಗೇ ಜಾರಿತು.

ಇಲ್ಲಿ ತಾರೀಖುಗಳನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 2009ರ ನಂತರ ಇತ್ತಿಹಾದ್ ಮೊದಲ ಬಾರಿ ಲೀಗ್ ಗೆದ್ದದ್ದು 2023ರ ಮೇ ಕೊನೆಯ ವಾರದಲ್ಲಿ. ಸರ್ಕಾರದ ಹೂಡಿಕೆ ನಿಧಿಯು ಇತ್ತಿಹಾದ್, ಅಹ್ಲಿ, ನಸ್ರ್, ಹಿಲಾಲ್ ಈ ನಾಲ್ಕು ಕ್ಲಬ್ಬುಗಳ ಶೇ. 75ರಷ್ಟು ಪಾಲನ್ನು ತೆಗೆದುಕೊಂಡದ್ದು ಜೂನ್ 5ರಂದು. ಬೆಂಜೆಮಾ ಬಂದದ್ದು ಅದರ ಮರುದಿನ. ಅಂದರೆ ಕೊಂಡುಕೊಳ್ಳುವ ಮೊದಲೇ ತಂಡ ಗೆದ್ದಾಗಿತ್ತು. ಬೆಂಜೆಮಾ, ಕಾಂಟೆ, ಫಾಬಿನೊ ಎಲ್ಲ ಬಂದ ಮೇಲೆ, 2023-24ರಲ್ಲಿ, ಅದೇ ತಂಡ ಐದನೆಯ ಸ್ಥಾನಕ್ಕೆ ಬಂತು. 2024-25ರಲ್ಲಿ ಲೀಗನ್ನೂ ಕಿಂಗ್ಸ್ ಕಪ್ಪನ್ನೂ ಒಟ್ಟಿಗೆ ಗೆದ್ದಿತು, ಆ ಗೆಲುವಿನಲ್ಲಿ ಬೆಂಜೆಮಾ ಅವರ ಪಾಲು ದೊಡ್ಡದೇ. ಆದರೆ ದುಡ್ಡು ಬಂದ ಮೇಲೆಯೇ ಆಟ ಬಂತು ಎನ್ನುವವರು ಈ ಒಂದು ವಾರದ ಅಂತರವನ್ನು ಯಾವ ಲೆಕ್ಕಕ್ಕೆ ಹಾಕುತ್ತಾರೆ?

ಹಳೆಯ ವ್ಯವಸ್ಥೆ ಚೆನ್ನಾಗಿತ್ತೆಂದು ನಾವು ಹೇಳುತ್ತಿಲ್ಲ. ಸಂಬಳಕ್ಕೆ ಕಾಯುವ ಆಟಗಾರನಿಗೆ 'ಜನರ ಕ್ಲಬ್ಬು' ಎಂಬ ಹೆಸರಿನಿಂದ ಹೊಟ್ಟೆ ತುಂಬದು. ಆದರೆ ಒಂದೇ ನಿಧಿ ನಾಲ್ಕು ಎದುರಾಳಿ ತಂಡಗಳ ಒಡೆಯನಾದರೆ ಅದನ್ನು ಪೈಪೋಟಿ ಎನ್ನಬಹುದೇ? ನಾಲ್ಕು ಮಕ್ಕಳನ್ನು ಅಂಗಳಕ್ಕೆ ಬಿಟ್ಟು ಜಗುಲಿಯಲ್ಲಿ ಕೂತ ತಂದೆಗೆ ಯಾರು ಗೆದ್ದರೂ ಮನೆಯ ಗೆಲುವೇ.

ಇನ್ನು ಮುಖ್ಯವಾದ ಮಾತು. 2021ರ ಕೊನೆಯಿಂದ ಜಿದ್ದಾದ ನಗರಾಡಳಿತ ದಕ್ಷಿಣದ ಹಾಗೂ ನಡುವಿನ ಬಡಾವಣೆಗಳನ್ನು ಕೆಡವತೊಡಗಿತು. ಗುಲೈಲ್, ಪೆಟ್ರೊಮಿನ್ ಮುಂತಾಗಿ 60ಕ್ಕೂ ಹೆಚ್ಚು ಬಡಾವಣೆಗಳು. ನಗರಾಡಳಿತದ ದಾಖಲೆಯನ್ನೇ ಆಧರಿಸಿ ಆಮ್ನೆಸ್ಟಿ ಸಂಸ್ಥೆ 2022ರಲ್ಲಿ ಕೊಟ್ಟ ಲೆಕ್ಕದಂತೆ 5,58,000 ಜನರಿಗೆ ಇದರ ಬಿಸಿ ತಟ್ಟಿತು, ಅವರಲ್ಲಿ ಶೇ. 47ರಷ್ಟು ಮಂದಿ ವಿದೇಶೀಯರೆಂಬ ಕಾರಣಕ್ಕೆ ಪರಿಹಾರದ ಪಟ್ಟಿಯಿಂದ ಹೊರಗುಳಿದರು. 'ವಿದೇಶೀಯರು' ಎಂಬ ಆ ಶಬ್ದವನ್ನು ಸ್ವಲ್ಪ ತಡೆದು ಓದಬೇಕು. ಅವರಲ್ಲಿ ನಿನ್ನೆ ಮೊನ್ನೆ ಕೆಲಸಕ್ಕೆ ಬಂದವರಿದ್ದಂತೆ, ಅಲ್ಲೇ ಹುಟ್ಟಿ ಕಾಗದವಿಲ್ಲದೆ ಬೆಳೆದವರೂ ಇದ್ದರು. ಅಜ್ಜ ಹಾಜಿಯಾಗಿ ಬಂದವನು, ಮೊಮ್ಮಗ ಅಕ್ರಮ ವಾಸಿ. ಇತ್ತಿಹಾದಿಗೆ ಗೋಲು ಹೊಡೆದ ಹೆಸರುಗಳು ಎಂಥ ಚರಿತ್ರೆಯಿಂದ ಬಂದವೋ ಅದೇ ಚರಿತ್ರೆಯ ಇನ್ನೊಂದು ಮಗ್ಗುಲು ಇದು. ಅಪರಾಧ ಹೆಚ್ಚು, ಕೊಳಚೆ ಹೆಚ್ಚು ಎಂದು ಅಧಿಕಾರಿಗಳು ಕಾರಣ ಹೇಳಿದರು. ಬುಲ್ಡೋಜರಿನ ಪಕ್ಕ ನಿಂತು ಅಧಿಕಾರಿಗಳು ಹೇಳುವ ಕಾರಣಗಳು ಎಲ್ಲ ದೇಶಗಳಲ್ಲಿಯೂ ಒಂದೇ ಥರ ಇರುತ್ತವೆ. ನಮ್ಮ ದೇಶದ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಎಲ್ಲವೂ ಒಂದೇ ಬಣ್ಣದಲ್ಲಿಲ್ಲ ಎಂಬುದನ್ನೂ ಹೇಳಬೇಕು. 2017ರ ನಂತರ, ಸೌದಿಯಲ್ಲಿ ಹುಟ್ಟಿಯೂ ಪೌರತ್ವವಿಲ್ಲದ ಹುಡುಗರನ್ನು ಕ್ಲಬ್ಬುಗಳು ಸೇರಿಸಿಕೊಳ್ಳಲು ದಾರಿ ತೆರೆಯಿತು. ಒಳ್ಳೆಯದೇ. ಆದರೆ ಚೆಂಡನ್ನು ಚೆನ್ನಾಗಿ ಒದೆಯಬಲ್ಲವನಿಗೆ ಮಾತ್ರ ಬಾಗಿಲು ತೆರೆದು, ಮೀನು ಹೊರುವ ಅವನ ಅಣ್ಣನಿಗೆ ಮುಚ್ಚಿದರೆ ಅದನ್ನು ಹಕ್ಕು ಎನ್ನಲಾಗದು, ಆಯ್ಕೆ ಎನ್ನಬೇಕು. ಹೆಂಗಸರ ವಿಚಾರವೂ ಹೀಗೆ. 2018ರ ಜನವರಿ 12ರಂದು ಜಿದ್ದಾದ ಕಿಂಗ್ ಅಬ್ದುಲ್ಲಾ ಕ್ರೀಡಾಂಗಣದಲ್ಲಿ, ಅಹ್ಲಿ ಮತ್ತು ಬಾತಿನ್ ತಂಡಗಳ ಪಂದ್ಯಕ್ಕೆ, ಸೌದಿ ಲೀಗಿನಲ್ಲಿ ಮೊದಲ ಬಾರಿ ಹೆಂಗಸರು ಒಳಗೆ ಬಂದರು. ಆಟ ನೋಡುವುದರಿಂದ ದೀನ್ ಕೆಡುತ್ತದೆಂದು ಅಷ್ಟು ವರ್ಷ ಹೇಳಿಕೊಂಡು ಬಂದ ಮೌಲಾನಾಗಳು ಆ ದಿನ ಏನಂದರೋ, ನಮ್ಮ ಕಿವಿಗೆ ಬಿದ್ದಿಲ್ಲ. ಈಗ ಇತ್ತಿಹಾದಿಗೆ ಹೆಂಗಸರ ತಂಡವೂ ಇದೆ. ಆದರೆ ಅದೇ 2018ರ ಮೇ ತಿಂಗಳಲ್ಲಿ, ಕಾರು ಓಡಿಸುವ ಹಕ್ಕಿಗಾಗಿ ಹೋರಾಡಿದ ಲುಜೈನ್ ಅಲ್-ಹಝ್ಲೂಲ್ ಬಂಧನಕ್ಕೊಳಗಾದರು. ಹೆಂಗಸರು ಕಾರು ಓಡಿಸಲು ಅಪ್ಪಣೆ ಜಾರಿಗೆ ಬಂದದ್ದು ಮರುತಿಂಗಳು. ಕೇಳಿದವರು ಜೈಲಿನಲ್ಲಿ, ಕೊಟ್ಟವರು ಪತ್ರಿಕೆಯ ಮುಖಪುಟದಲ್ಲಿ.

ಹೆಸರಿಗೆ ತದ್ವಿರುದ್ಧವಾದ ಇನ್ನೊಂದು ಘಟನೆಯೂ ಇದೆ. 2023ರ ಅಕ್ಟೋಬರ್ 2ರಂದು ಇರಾನಿನ ಇಸ್ಫಹಾನಿನಲ್ಲಿ ಸೆಪಾಹಾನ್ ತಂಡದ ವಿರುದ್ಧ ಆಡಬೇಕಿದ್ದ ಇತ್ತಿಹಾದ್, ಮೈದಾನದ ಬಾಗಿಲಲ್ಲಿದ್ದ ಸೇನಾನಿ ಖಾಸಿಂ ಸುಲೈಮಾನಿಯ ಪ್ರತಿಮೆಯನ್ನು ಕಂಡು ಆಡದೆ ಹಿಂದಿರುಗಿತು. ಏಷ್ಯನ್ ಒಕ್ಕೂಟ ಇತ್ತಿಹಾದಿಗೆ 3-0 ಗೆಲುವು ಬರೆಯಿತು. ಟಿಕೆಟು ಕೊಂಡು ಕಾದಿದ್ದ ಸಾವಿರಾರು ಜನ ಚೆಂಡು ಉರುಳಿದ್ದನ್ನು ನೋಡಲಿಲ್ಲ.

ಪಶ್ಚಿಮದ ಪತ್ರಿಕೆಗಳು ಇದನ್ನೆಲ್ಲ ಆಟದ ಸಾಬೂನಿನಿಂದ ಕಳಂಕ ತೊಳೆಯುವ ಕೆಲಸ ಎನ್ನುತ್ತವೆ. ಮಾತು ಸುಳ್ಳಲ್ಲ. ಆದರೆ ಅದೇ ನಿಧಿ 2021ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್ ಕ್ಲಬ್ಬನ್ನು ಕೊಂಡಾಗ ಅಲ್ಲಿಯ ಅಭಿಮಾನಿಗಳು ಬೀದಿಗಿಳಿದು ಕುಣಿದರು. ಮತ್ತು ಆ ಟೀಕೆಯಲ್ಲಿ ಜಿದ್ದಾದ ಜನ ಎಲ್ಲಿಯೂ ಇಲ್ಲ. ಇರುವುದು ಶೇಖರು ಮಾತ್ರ. ನಮ್ಮ ಹುಡುಗರ ಹೆಮ್ಮೆಯಲ್ಲಿಯೂ ಅವರಿಲ್ಲ. ಇರುವುದು ಬೆಂಜೆಮಾ ಮಾತ್ರ. ಮುಸ್ಲಿಮ್ ಜಗತ್ತಿನ ಬಗ್ಗೆ ನಮ್ಮ ಪ್ರೀತಿ ಅರಮನೆ ಮತ್ತು ಹರಮುಗಳನ್ನು ಬಿಟ್ಟು ಗಲ್ಲಿಗೆ ಇಳಿಯುವುದೇ ಇಲ್ಲವಲ್ಲ ಎಂಬುದು ನಮ್ಮ ಬೇಸರ. ಉಮ್ರಾಕ್ಕೆ ಹೋಗಿ ಬಂದವರು ಜಿದ್ದಾದ ವಿಮಾನ ನಿಲ್ದಾಣವನ್ನು ವರ್ಣಿಸುತ್ತಾರೆ, ಖಜೂರದ ದರ ಹೇಳುತ್ತಾರೆ. ಅದರಾಚೆ ಒಂದು ಊರಿತ್ತೆಂದು ಹೇಳಿದವರು ಕಡಿಮೆ.

2024ರ ಡಿಸೆಂಬರ್ 11ರಂದು ಫಿಫಾ 2034ರ ವಿಶ್ವಕಪ್ಪನ್ನು ಸೌದಿಗೆ ಕೊಟ್ಟಿತು. ಯೋಜನೆಯಲ್ಲಿರುವ 15 ಕ್ರೀಡಾಂಗಣಗಳಲ್ಲಿ ನಾಲ್ಕು ಜಿದ್ದಾದ ಪಾಲಿನವು. ಕಟ್ಟುವ ಕೈಗಳಲ್ಲಿ ನಮ್ಮ ದೇಶದವೂ ಇರುತ್ತವೆ. ಇಪ್ಪತ್ತು ಮೂವತ್ತು ವರ್ಷ ಅಲ್ಲಿ ದುಡಿದು, ಹಳದಿ-ಕಪ್ಪು ಪಟ್ಟೆಯ ತಂಡಕ್ಕೆ ಕೂಗಿ ಗಂಟಲು ಹರಿದುಕೊಂಡು, ಇಖಾಮಾ ಮುಗಿದಾಗ ಉಡುಪಿಗೋ ಭಟ್ಕಳಕ್ಕೋ ಮರಳಿದವರು ನಮ್ಮ ನಡುವೆ ಇದ್ದಾರೆ. ಗುಲೈಲಿನ ಗಲ್ಲಿಗಳು ಹೇಗಿದ್ದವು, 2004ರ ಆ ರಾತ್ರಿ ಊರು ಹೇಗಿತ್ತು ಎಂಬುದನ್ನು ಅವರು ಕನ್ನಡದಲ್ಲಿ ಬರೆಯಬೇಕು. ಬೇಗ ಬರೆಯಬೇಕು; ಗಲ್ಲಿಗಳು ಆಗಲೇ ಇಲ್ಲ.