ಪಾತ್ರೆ ಯಾವುದೆಂದು ಕೇಳದ ಲೆಕ್ಕಗಳು

ಪಿಯುಸಿ ಗೈಡುಗಳಲ್ಲಿ ಇಂಥದೊಂದು ಲೆಕ್ಕ ನಿಮ್ಮ ಕಣ್ಣಿಗೆ ಬಿದ್ದೇ ಇರುತ್ತದೆ. ‘25 ಡಿಗ್ರಿ ಸೆಲ್ಸಿಯಸ್‌ನಲ್ಲಿ, 1 ಬಾರ್ ಒತ್ತಡದಲ್ಲಿ ಡೈನೈಟ್ರೊಜನ್ ಟೆಟ್ರಾಕ್ಸೈಡ್ ವಿಯೋಜನೆಗೊಂಡು ನೈಟ್ರೊಜನ್ ಡೈಆಕ್ಸೈಡ್ ಆಗುತ್ತದೆ. ಸಮತೋಲ ಸ್ಥಿರಾಂಕ ಕೆಪಿ 0.15. ಎರಡೂ ಅನಿಲಗಳ ಆಂಶಿಕ ಒತ್ತಡಗಳೆಷ್ಟು?’

ನಾನು ಭೌತವಿಜ್ಞಾನದ ಮೇಷ್ಟ್ರು. ರಸಾಯನ ವಿಜ್ಞಾನದ ಅಂಗಳಕ್ಕೆ ಕಾಲಿಟ್ಟದ್ದಕ್ಕೆ ಆ ವಿಭಾಗದ ಮಿತ್ರರು ಮನ್ನಿಸಬೇಕು. ಆದರೆ ಒತ್ತಡ, ಗಾತ್ರ, ತಾಪ ನಮ್ಮ ಮನೆಯ ಸಾಮಾನುಗಳೂ ಹೌದು. ಆದ್ದರಿಂದ ಕೇಳುತ್ತೇನೆ: ಅನಿಲ ಇರುವ ಪಾತ್ರೆ ಯಾವುದು? ಬಿಗಿಯಾಗಿ ಮುಚ್ಚಿದ ಉಕ್ಕಿನ ಪಾತ್ರೆಯೋ, ಮೇಲೆ ಕೆಳಗೆ ಜರುಗುವ ಪಿಸ್ಟನ್ ಇರುವ ಸಿಲಿಂಡರೋ? ಪ್ರಶ್ನೆ ಇದನ್ನು ಹೇಳುವುದಿಲ್ಲ. ಗೈಡಿನ ಉತ್ತರವೂ ಕೇಳುವುದಿಲ್ಲ.

ಮುಚ್ಚಿದ ಪಾತ್ರೆಯೆಂದು ಇಟ್ಟುಕೊಳ್ಳೋಣ. ವಿಯೋಜನೆಗೆ ಮುಂಚೆ ಟೆಟ್ರಾಕ್ಸೈಡ್‌ನ ಒತ್ತಡ 1 ಬಾರ್. (ಇಂಥ ‘ಮುಂಚೆ’ ಎಂಬುದು ನಿಜದಲ್ಲಿ ಇರುವುದಿಲ್ಲ, ಈ ತಾಪದಲ್ಲಿ ಅನಿಲ ಕಣ್ಣು ಮಿಟುಕಿಸುವುದರೊಳಗೆ ಒಡೆದಿರುತ್ತದೆ. ಅದು ಲೆಕ್ಕದ ಅನುಕೂಲ ಅಷ್ಟೆ.) ಕ್ಷ ಭಾಗ ಒಡೆದರೆ ಟೆಟ್ರಾಕ್ಸೈಡ್‌ನ ಒತ್ತಡ 1 − ಕ್ಷ, ಡೈಆಕ್ಸೈಡ್‌ನದು 2ಕ್ಷ. ಹಾಗಾಗಿ

(2ಕ್ಷ)² ÷ (1 − ಕ್ಷ) = 0.15

ಈ ವರ್ಗ ಸಮೀಕರಣವನ್ನು ಬಿಡಿಸಿದರೆ ಕ್ಷ = 0.176. ಆಂಶಿಕ ಒತ್ತಡಗಳು 0.824 ಮತ್ತು 0.352 ಬಾರ್. ಒಟ್ಟು ಒತ್ತಡ 1.176 ಬಾರ್‌ಗೆ ಏರಿದೆ.

ಈಗ ಪಿಸ್ಟನ್ ಇರುವ ಸಿಲಿಂಡರಿಗೆ ಬನ್ನಿ. ಇಲ್ಲಿ ಒಟ್ಟು ಒತ್ತಡ 1 ಬಾರ್‌ನಲ್ಲೇ ನಿಲ್ಲುತ್ತದೆ, ಹಿಗ್ಗುವುದು ಗಾತ್ರ. ಮೊದಲಿದ್ದ ಒಂದು ಮೋಲ್ ಈಗ 1 + ಕ್ಷ ಮೋಲ್ ಆಗಿದೆ. ಆಂಶಿಕ ಒತ್ತಡಗಳನ್ನು ಮೋಲ್ ಅಂಶಗಳಿಂದ ಪಡೆಯಬೇಕು. ಸಮೀಕರಣ 4ಕ್ಷ² ÷ (1 − ಕ್ಷ²) = 0.15 ಆಗುತ್ತದೆ, ಕ್ಷ = 0.190. ಒತ್ತಡಗಳು 0.681 ಮತ್ತು 0.319 ಬಾರ್. ಅನಿಲ ಅದೇ, ತಾಪ ಅದೇ, ಕೆಪಿಯೂ ಅದೇ. ಉತ್ತರ ಮಾತ್ರ ಬೇರೆ.

ಗೈಡುಗಳು ಹಿಡಿಯುವ ಒಳದಾರಿಯೊಂದಿದೆ: ‘ಕ್ಷ ಬಹಳ ಚಿಕ್ಕದಾದ್ದರಿಂದ ಛೇದದಲ್ಲಿ ಅದನ್ನು ಬಿಟ್ಟುಬಿಡಿ.’ ಮುಚ್ಚಿದ ಪಾತ್ರೆಯ ಲೆಕ್ಕದಲ್ಲಿ ಹೀಗೆ ಬಿಟ್ಟರೆ ಕ್ಷ = 0.194. ಅದರಿಂದ ಬರುವ ಒತ್ತಡಗಳನ್ನು ಮೂಲ ಸೂತ್ರಕ್ಕೆ ಹಾಕಿ ತಾಳೆ ನೋಡಿ. ಕೆಪಿ 0.186 ಬರುತ್ತದೆ, 0.15 ಅಲ್ಲ! ವಿನೋದವೆಂದರೆ 0.194 ಎಂಬುದು ಪಿಸ್ಟನ್ ಲೆಕ್ಕದ ಉತ್ತರಕ್ಕೆ ಹತ್ತಿರವಿದೆ. ದಾರಿ ತಪ್ಪಿದವನು ಪಕ್ಕದ ಮನೆಯ ಬಾಗಿಲು ತಟ್ಟಿದಂತೆ. ತಾಳೆ ನೋಡುವ ಅಭ್ಯಾಸವನ್ನು ನಾವು ಯಾಕೆ ಕೈಬಿಟ್ಟೆವೋ ತಿಳಿಯದು.

ಇದಕ್ಕಿಂತ ದೊಡ್ಡ ತಪ್ಪು ಜಡ ಅನಿಲದ ಪ್ರಶ್ನೆಯಲ್ಲಿದೆ. ಆ ತಪ್ಪನ್ನು ನಾನೂ ಮಾಡಿದ್ದೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಿಎಸ್ಸಿ ತರಗತಿಯಲ್ಲಿ, ‘ಮುಚ್ಚಿದ ಪಾತ್ರೆಗೆ ಆರ್ಗಾನ್ ತುಂಬಿದರೆ ಒತ್ತಡ ಹೆಚ್ಚುತ್ತದೆ, ಆದ್ದರಿಂದ ಕ್ರಿಯೆ ಅಣುಗಳು ಕಡಿಮೆಯಿರುವ ಕಡೆಗೆ ಸರಿಯುತ್ತದೆ’ ಎಂದುಬಿಟ್ಟೆ. ಒಬ್ಬ ಹುಡುಗಿ ಎದ್ದು, ‘ಸಾರ್, ಆರ್ಗಾನ್ ಬಂದದ್ದು ಡೈಆಕ್ಸೈಡ್‌ಗೆ ಹೇಗೆ ಗೊತ್ತಾಗುತ್ತದೆ?’ ಎಂದಳು. ಪಾಠ ಮುಗಿಸುವ ಅವಸರದಲ್ಲಿ ಅವಳನ್ನು ಕೂರಿಸಿದೆ. ಸಂಜೆ ಮನೆಯಲ್ಲಿ ಕಾಗದ ಹಿಡಿದು ಕೂತಾಗ ಅವಳ ಮಾತೇ ಸರಿ ಎಂದು ಗೊತ್ತಾಯಿತು. ಮರುದಿನ ತರಗತಿಯಲ್ಲಿ ಒಪ್ಪಿಕೊಂಡೆ.

ಆದರ್ಶ ಅನಿಲಗಳ ಮಿಶ್ರಣದಲ್ಲಿ ಪ್ರತಿಯೊಂದೂ ತಾನೊಂದೇ ಇದ್ದಂತೆ ಒತ್ತುತ್ತದೆ. 1801ರಲ್ಲಿ ಡಾಲ್ಟನ್ ಹೇಳಿದ್ದು ಇದನ್ನೇ. ಮುಚ್ಚಿದ ಪಾತ್ರೆಗೆ 1 ಬಾರ್ ಆರ್ಗಾನ್ ಸೇರಿಸಿದರೆ ಮಾಪಕದ ಮುಳ್ಳು 1.176ರಿಂದ 2.176ಕ್ಕೆ ಹೋಗುತ್ತದೆ. 0.824 ಮತ್ತು 0.352 ಮಾತ್ರ ಇದ್ದಲ್ಲೇ ಇರುತ್ತವೆ. ಸಮತೋಲ ಕದಲುವುದಿಲ್ಲ. ಪಿಸ್ಟನ್ ಸಿಲಿಂಡರಿನಲ್ಲಿ ಹಾಗಲ್ಲ. ಮೊದಲಿದ್ದ ಒಂದು ಮೋಲ್ ಟೆಟ್ರಾಕ್ಸೈಡ್‌ಗೆ ಒಂದು ಮೋಲ್ ಆರ್ಗಾನ್ ಸೇರಿಸಿದರೆ ಗಾತ್ರ ಹಿಗ್ಗಿ, ಆಂಶಿಕ ಒತ್ತಡಗಳು ಕುಗ್ಗಿ, ಕ್ಷ 0.190ರಿಂದ 0.251ಕ್ಕೆ ಏರುತ್ತದೆ. ಅಂದರೆ ವಿಯೋಜನೆ ಹೆಚ್ಚುತ್ತದೆ, ನಾನು ಹೇಳಿದ್ದಕ್ಕೆ ನೇರ ವಿರುದ್ಧ! 1884ರ ಲ ಶಾಟಲಿಯೇ ತತ್ತ್ವವನ್ನು ಇಲ್ಲಿ ದೂರಬೇಕಿಲ್ಲ. ‘ಒತ್ತಡ’ ಎಂದಷ್ಟೇ ಹೇಳಿ, ಯಾವುದರ ಒತ್ತಡ ಎನ್ನುವುದನ್ನು ಬಿಟ್ಟ ನಮ್ಮ ನೋಟ್ಸುಗಳನ್ನು ದೂರಬೇಕು.

ಏಕಮಾನದ ಬಗ್ಗೆ ಒಂದು ಮಾತು. ಪ್ರಮಾಣ ಒತ್ತಡವನ್ನು 1 ಅಟ್ಮಾಸ್ಫಿಯರ್ ಬದಲು 1 ಬಾರ್ ಎಂದು ಇಟ್ಟುಕೊಳ್ಳಲು ಐಯುಪಿಎಸಿ 1982ರಲ್ಲೇ ಸೂಚಿಸಿತು. ಎರಡಕ್ಕೂ ವ್ಯತ್ಯಾಸ ಕೇವಲ ಶೇಕಡ 1.3. ಆದರೆ ಅಮೋನಿಯ ತಯಾರಿಕೆಯ ಕ್ರಿಯೆಯಲ್ಲಿ ಅದು ವರ್ಗಗೊಂಡು ಕೆಪಿಯನ್ನು ಶೇಕಡ 2.7ರಷ್ಟು ಬದಲಿಸುತ್ತದೆ. ಪಾಸ್ಕಲ್‌ನಲ್ಲಿ ಬರೆದರಂತೂ ಸಾವಿರ ಕೋಟಿ ಪಟ್ಟು ವ್ಯತ್ಯಾಸ. ಬರಿಯ ಸಂಖ್ಯೆ ಕೊಟ್ಟು ಏಕಮಾನ ಬಿಡುವ ಪ್ರಶ್ನೆ ಅರ್ಧ ಪ್ರಶ್ನೆ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ‘ಸ್ಥಿರ ಗಾತ್ರದಲ್ಲಿ’ ಅಥವಾ ‘ಸ್ಥಿರ ಒತ್ತಡದಲ್ಲಿ’ ಎಂಬ ಎರಡು ಪದ ಸೇರಿಸಿ. ಅದು ಬಿಟ್ಟುಹೋದಲ್ಲಿ, ಯಾವ ಪಾತ್ರೆಯೆಂದು ಮೊದಲ ಸಾಲಿನಲ್ಲೇ ಬರೆದು ಲೆಕ್ಕ ಮಾಡಿದ ವಿದ್ಯಾರ್ಥಿಗೆ, 0.352 ಬಂದಿರಲಿ 0.319 ಬಂದಿರಲಿ, ಪೂರ್ತಿ ಅಂಕ ಸಲ್ಲಬೇಕು.